ಕಾಮಾಲೆ ಬಂದವರ ಮಂಪರನ್ನು ಸುಸ್ತು ಅಂದುಕೊಳ್ಳಬೇಡಿ

ಸಂಪಾದಕರೇ,

ನಾನು ತೀವ್ರ ನಿಗಾ ಘಟಕದಲ್ಲಿ ನರ್ಸ್. ಲಿವರ್ ದಿಢೀರನೆ ಕೈಕೊಟ್ಟವರು ನಮ್ಮಲ್ಲಿಗೆ ಬರುತ್ತಾರೆ. ಹೆಚ್ಚಿನವರು ಮೊನ್ನೆ ಮೊನ್ನೆಯವರೆಗೆ ಆರೋಗ್ಯವಾಗಿಯೇ ಇದ್ದವರು. ಹೆಪಟೈಟಿಸ್ ವೈರಸ್, ಮಿತಿ ಮೀರಿದ ಪ್ಯಾರಾಸಿಟಮಾಲ್, ಬೇರೆ ಯಾವುದೋ ಔಷಧಿ, ಕಾರಣ ಏನಾದರೂ ಇರಬಹುದು. ತಡವಾಗಿ ಬರುವುದು ಮಾತ್ರ ಒಂದೇ ರೀತಿ.

ಕಣ್ಣು ಹಳದಿಯಾದವರು ಹಗಲೆಲ್ಲ ಮಲಗಿ ರಾತ್ರಿ ಎದ್ದು ಕೂರುತ್ತಾರೆ. ಕೇಳಿದ್ದನ್ನೇ ಕೇಳುತ್ತಾರೆ, ಸುಮ್ಸುಮ್ನೆ ರೇಗುತ್ತಾರೆ. ‘ಸುಸ್ತಾಗಿದೆ, ಮಲಗಲಿ ಬಿಡಿ’ ಅನ್ನುತ್ತಾರೆ ಮನೆಯವರು. ದಯವಿಟ್ಟು ಬಿಡಬೇಡಿ. ಲಿವರ್ ತೆಗೆದುಹಾಕಬೇಕಿದ್ದ ಅಮೋನಿಯಾ ರಕ್ತದಲ್ಲೇ ಉಳಿದು ಮಿದುಳಿಗೆ ಏರುತ್ತಿರಬಹುದು. ಮಿದುಳು ಊದಿಕೊಳ್ಳಲು ಶುರುವಾದರೆ ಉಳಿದಿರುವುದು ಗಂಟೆಗಳ ಲೆಕ್ಕ. ನಿದ್ದೆ ಮಾತ್ರೆಯಂತೂ ಬೇಡವೇ ಬೇಡ.

ನಮ್ಮ ಕೈಯಲ್ಲಿ ಆಗುವುದು ಸಾಕಷ್ಟಿದೆ. ತಲೆದಿಂಬಿನ ಕಡೆ ಮಂಚವನ್ನು 30 ಡಿಗ್ರಿ ಎತ್ತರಿಸುತ್ತೇವೆ. ಸಕ್ಕರೆ ಅಂಶ ಯಾವಾಗ ಬೇಕಾದರೂ ಕುಸಿಯಬಹುದು, ಹಾಗಾಗಿ ಪದೇ ಪದೇ ನೋಡುತ್ತೇವೆ. ಅಮೋನಿಯಾ ಇಳಿಸಲು ಬಿಡುವಿಲ್ಲದೆ ನಡೆಯುವ ಡಯಾಲಿಸಿಸ್ ಇದೆ. ಪ್ಯಾರಾಸಿಟಮಾಲ್ ಜಾಸ್ತಿಯಾಗಿದ್ದರೆ ಅದಕ್ಕೆ ಪ್ರತಿಮದ್ದಾದ ಎನ್-ಅಸಿಟೈಲ್‌ಸಿಸ್ಟೀನ್ ಇದೆ. ನುಂಗಿದ 8 ಗಂಟೆಯೊಳಗೆ ಕೊಟ್ಟರೆ ಅದು ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ, ತಡವಾದರೂ ಕೊಡುತ್ತೇವೆ.

‘ಐಎನ್‌ಆರ್ ಇಷ್ಟೊಂದು ಏರಿದೆ, ಪ್ಲಾಸ್ಮಾ ಯಾಕೆ ಕೊಡುತ್ತಿಲ್ಲ?’ ಅಂತ ಮನೆಯವರು ಸಿಟ್ಟಾಗುತ್ತಾರೆ. ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತಿದೆ ಎಂದು ತೋರಿಸುವ ಸಂಖ್ಯೆ ಐಎನ್‌ಆರ್; ಹೆಪ್ಪುಗಟ್ಟಿಸುವ ಅಂಶಗಳಿರುವ, ದಾನಿಗಳ ರಕ್ತದ ದ್ರವಭಾಗ ಪ್ಲಾಸ್ಮಾ. ಮನೆಯವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಲಿವರ್ ಚೇತರಿಸುತ್ತಿದೆಯೋ ಕುಸಿಯುತ್ತಿದೆಯೋ ಎಂದು ತಿಳಿಯಲು ಆ ಸಂಖ್ಯೆ ನಮಗೆ ಬೇಕು. ರಕ್ತಸ್ರಾವವೇ ಇಲ್ಲದಾಗ ಪ್ಲಾಸ್ಮಾ ಹಾಕಿದರೆ ಸಂಖ್ಯೆ ಇಳಿಯುತ್ತದೆ, ಲಿವರ್ ಇದ್ದ ಹಾಗೇ ಇರುತ್ತದೆ.

ಸಣ್ಣ ಆಸ್ಪತ್ರೆಗಳ ವೈದ್ಯರಲ್ಲೂ ಒಂದು ಕೇಳಿಕೆ. ರೋಗಿ ಮೊದಲ ಸಲ ತಡವರಿಸಿದಾಗಲೇ ಲಿವರ್ ಕಸಿ ಮಾಡುವ ಕೇಂದ್ರಕ್ಕೆ ಫೋನ್ ಮಾಡಿ. ಕೋಮಾಗೆ ಜಾರಿದ ಮೇಲೆ ಸಾಗಿಸುವುದೇ ದೊಡ್ಡ ಅಪಾಯ, ಅಲ್ವಾ? ಫೋನ್ ಮಾಡಿದ ಮಾತ್ರಕ್ಕೆ ಕಸಿ ಆಗಲೇಬೇಕೆಂದಿಲ್ಲ. ಎಷ್ಟೋ ಜನರ ಲಿವರ್ ತಾನಾಗಿಯೇ ಚಿಗುರಿಕೊಂಡದ್ದನ್ನು ನಾನೇ ನೋಡಿದ್ದೇನೆ. ಆದರೆ ಯಾರಿಗೆ ಕಸಿ ಬೇಕು, ಯಾರಿಗೆ ಬೇಡ ಎಂದು ತೂಗಿ ನೋಡಲು ಅಲ್ಲಿನವರಿಗೆ ಸಮಯ ಸಿಗಬೇಕು. 1989ರಿಂದ ಬಳಕೆಯಲ್ಲಿರುವ ಕಿಂಗ್ಸ್ ಕಾಲೇಜ್ ಮಾನದಂಡಗಳು ಇರುವುದೇ ಅದಕ್ಕೆ.

ಮನೆಯವರು ಬರುವಾಗ ರೋಗಿ ನುಂಗಿದ ಪ್ರತಿ ಮಾತ್ರೆಯ ಖಾಲಿ ಸ್ಟ್ರಿಪ್, ಕುಡಿದ ಕಷಾಯದ ಬಾಟಲಿ ಎಲ್ಲವನ್ನೂ ತನ್ನಿ. ಬೈತಾರೆ ಅಂತ ಏನನ್ನೂ ಮುಚ್ಚಿಡಬೇಡಿ. ಯಾವ ಔಷಧಿ ಶುರು ಮಾಡಬೇಕು ಅನ್ನುವುದು ಎಷ್ಟೋ ಸಲ ಅದರಿಂದಲೇ ಗೊತ್ತಾಗುತ್ತದೆ.

– ಒಬ್ಬ ಐಸಿಯು ನರ್ಸ್