ಚಕ್ರಕ್ಕೆ 5000, ಮಡ್‌ಗಾರ್ಡಿಗೆ 5000: ಸಾರಿಗೆ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕದ ಮಾನ್ಯ ಸಾರಿಗೆ ಸಚಿವರಿಗೆ,

ನಮಸ್ಕಾರ. ನಾನು ಸಾಗರ ತಾಲ್ಲೂಕಿನ ಒಬ್ಬ ಅಡಿಕೆ ಬೆಳೆಗಾರ. ಮನೆಯಲ್ಲಿ ಅಪ್ಪನ ಕಾಲದ ಒಂದು ಜೀಪಿದೆ. 1972ರ ಸಿಜೆ3ಬಿ. ನಮ್ಮ ಕಡೆ ಹೈ ಬಾನೆಟ್ ಅಂತಾರೆ. ಗೊಬ್ಬರ, ಅಡಿಕೆ ಮೂಟೆ, ಮದುವೆ ದಿಬ್ಬಣ, ಹೆರಿಗೆ ನೋವು ಬಂದವರು, ಎಲ್ಲವನ್ನೂ ಹೊತ್ತ ಗಾಡಿ. ಈ ಪತ್ರ ಅದರ ಚಕ್ರದ ಬಗ್ಗೆ. ಚಕ್ರಕ್ಕೂ ಒಂದು ಬಹಿರಂಗ ಪತ್ರವಾ ಅಂತ ನಗಬೇಡಿ, ಪೂರ್ತಿ ಓದಿ.

ಮೊದಲು ತಪ್ಪೊಪ್ಪಿಗೆ. ಜೀಪಿಗೆ ಕಂಪನಿ ಕೊಟ್ಟಿದ್ದು 6.00-16 ಅಳತೆಯ ಸಪೂರ ಟೈರು. ಕೆಸರಿಗೆ ಅದರಂಥದ್ದು ಇನ್ನೊಂದಿಲ್ಲ. ಅಗಲ ಟೈರು ಕೆಸರಿನ ಮೇಲೆ ತೇಲುತ್ತದೆ, ಸಪೂರದ್ದು ಸೀಳಿಕೊಂಡು ಕೆಳಗಿನ ಗಟ್ಟಿ ನೆಲ ಹುಡುಕುತ್ತದೆ. ಮಳೆಗಾಲದಲ್ಲಿ ಹಿಂದಿನ ಚಕ್ರಕ್ಕೆ ಚೈನ್ ಕಟ್ಟಿದರೆ ತೋಟದ ಯಾವ ಏರೂ ಏರೇ ಅಲ್ಲ. ಆದರೆ ಈಗ ತೋಟಕ್ಕಿಂತ ಡಾಂಬರಿನ ಮೇಲೆ ಓಡುವುದು ಜಾಸ್ತಿ. ಅಲ್ಲಿ, ಅದರಲ್ಲೂ ಮಳೆ ಬಿದ್ದ ಡಾಂಬರಿನ ಮೇಲೆ ಬ್ರೇಕ್ ಒತ್ತಿದರೆ, ಆ ಟೈರು ನಿಲ್ಲುವ ಬದಲು ಜಾರುತ್ತಿತ್ತು. ಅದಕ್ಕೆ 235/75 ಆರ್15 ಅಳತೆಯ ಅಗಲದ ರೇಡಿಯಲ್ ಟೈರು ಹಾಕಿಸಿದೆ. ಚೆಂದ ಕಾಣುತ್ತದೆ ಅನ್ನುವ ಆಸೆಯೂ ಇತ್ತು. ಸುಳ್ಳು ಯಾಕೆ ಹೇಳಲಿ?

ಎತ್ತರದಲ್ಲಿ ಎರಡೂ ಟೈರು ಹೆಚ್ಚುಕಡಿಮೆ ಒಂದೇ, 73 ಸೆಂಟಿಮೀಟರ್ ಆಸುಪಾಸು. ಹಾಗಾಗಿ ಸ್ಪೀಡೋಮೀಟರ್ ಕೆಡುವುದಿಲ್ಲ. ವ್ಯತ್ಯಾಸ ಇರುವುದು ಅಗಲದಲ್ಲಿ, ಸುಮಾರು ಮೂರು ಇಂಚು. ಅಷ್ಟು ಅಗಲದ ಟೈರನ್ನು ಒಳಗೇ ಕೂರಿಸಿದರೆ, ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಲೀಫ್ ಸ್ಪ್ರಿಂಗಿಗೆ ಉಜ್ಜುತ್ತದೆ. ಹೊರಗೆ ತಳ್ಳುವ ರಿಮ್ ಹಾಕಬೇಕು. ಹೊರಗೆ ತಳ್ಳಿದರೆ ಚಕ್ರ ಮಡ್‌ಗಾರ್ಡಿನ ಅಂಚು ದಾಟಿ ಆಚೆ ಬರುತ್ತದೆ. ತಾಪತ್ರಯ ಶುರುವಾಗಿದ್ದು ಅಲ್ಲಿಂದ.

ಹಾಕಿಸಿ ವಾರ ಆಗಿರಲಿಲ್ಲ. ಜಲ್ಲಿ ರಸ್ತೆಯಲ್ಲಿ ಹಿಂದೆ ಬರುತ್ತಿದ್ದ ಬೈಕಿನವನಿಗೆ ನನ್ನ ಚಕ್ರ ಎಸೆದ ಕಲ್ಲು ಬಡಿಯಿತು. ಹೆಲ್ಮೆಟ್ಟಿನ ಗಾಜು ಸೀಳಿತು. ಹೆಲ್ಮೆಟ್ ಇಲ್ಲದಿದ್ದರೆ? ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಮಾರನೇ ದಿನವೇ ಗ್ಯಾರೇಜಿಗೆ ಹೋಗಿ ನಾಲ್ಕೂ ಚಕ್ರಕ್ಕೆ ತಗಡಿನ ಫ್ಲೇರ್ ಮಾಡಿಸಿದೆ. ಮಡ್‌ಗಾರ್ಡಿನ ಅಂಚಿಗೆ ಎರಡೂವರೆ ಇಂಚಿನ ಚಾಚು, ಅಷ್ಟೇ. ಬಾಡಿ ಕೊಯ್ಯಲಿಲ್ಲ. ಗ್ರೈಂಡರ್ ಹಿಡಿದು ಹಿಂದಿನ ವೀಲ್ ಆರ್ಚನ್ನೇ, ಅಂದರೆ ಚಕ್ರದ ಮೇಲಿನ ತಗಡಿನ ಕಮಾನನ್ನೇ, ಕತ್ತರಿಸಿ ಬಿಸಾಕುವವರನ್ನು ನೋಡಿದ್ದೇನೆ. ಜೀಪಿನಲ್ಲಿ ಆ ಆರ್ಚಿನ ಮೇಲೇ ಜನ ಕೂರುವುದು. ಅದನ್ನು ಕೊಯ್ದರೆ ಸೀಟಿನ ಕಾಲು ಮುರಿದ ಹಾಗೆ. ಉಳಿದ ಅಂಚು ಕತ್ತಿಯಾಗುತ್ತದೆ, ಎರಡು ಮಳೆಗಾಲಕ್ಕೆ ತುಕ್ಕೂ ಹಿಡಿಯುತ್ತದೆ.

ಕಲ್ಲು ಸಿಡಿಯುವುದು ನಿಂತಿತು. ಆದರೆ ಒಂದು ದಿನ ತಪಾಸಣೆಗೆ ನಿಲ್ಲಿಸಿದ ಅಧಿಕಾರಿಯೊಬ್ಬರು ಜೀಪಿನ ಸುತ್ತ ಒಂದು ಸುತ್ತು ಬಂದು ಲೆಕ್ಕ ಹಾಕಿದರು. ಚಕ್ರ ಬದಲಿಸಿದ್ದಕ್ಕೆ 5000, ಮಡ್‌ಗಾರ್ಡ್ ಬದಲಿಸಿದ್ದಕ್ಕೆ ಇನ್ನೊಂದು 5000. ಕೊನೆಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಹೇಳಿದ್ದು ಕಾಯ್ದೆಯಲ್ಲಿ ಇರುವುದನ್ನೇ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನ ಪ್ರಕಾರ, ಅನುಮತಿ ಇಲ್ಲದ ಬದಲಾವಣೆಗೆ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಇಲ್ಲವೇ ಎರಡೂ.

ಈಗ ಲೆಕ್ಕ ನೋಡಿ. ಚಕ್ರ ಹೊರಗೆ ಚಾಚಿಕೊಂಡು ಕಲ್ಲು ಎಸೆಯುತ್ತಾ ಓಡಿದರೆ ಒಂದು ಬದಲಾವಣೆ. ಅದಕ್ಕೆ ಮರೆ ಕಟ್ಟಿ ಹಿಂದಿನವರನ್ನು ಉಳಿಸಿದರೆ ಎರಡು ಬದಲಾವಣೆ. ಜಾಗ್ರತೆ ಮಾಡಿದವನಿಗೇ ದಂಡ ದುಪ್ಪಟ್ಟು!

ಇನ್ನೊಂದು ಗುಟ್ಟು ಹೇಳುತ್ತೇನೆ. ನಿಮ್ಮ ಇಲಾಖೆಗೆ ಗೊತ್ತಿಲ್ಲದ್ದೇನಲ್ಲ. ಎಫ್‌ಸಿ, ಅಂದರೆ ಗಾಡಿ ರಸ್ತೆಗೆ ಯೋಗ್ಯ ಅನ್ನುವ ಪ್ರಮಾಣಪತ್ರದ ದಿನ ಬಂದಾಗ ಅಟ್ಟದಿಂದ ಹಳೇ ಚಕ್ರ ಇಳಿಯುತ್ತವೆ. ಆರ್‌ಟಿಒ ಕಚೇರಿಗೆ ಜೀಪು ಸಪೂರ ಟೈರಿನಲ್ಲಿ ಹೋಗಿ ಪಾಸಾಗಿ ಬರುತ್ತದೆ. ಸಂಜೆಗೆ ಮತ್ತೆ ಅಗಲ ಚಕ್ರ. ಅಂದರೆ ದಿನಾ ರಸ್ತೆಯಲ್ಲಿ ಓಡುವ ಚಕ್ರವನ್ನು ಒಬ್ಬ ಇನ್‌ಸ್ಪೆಕ್ಟರೂ ನೋಡಿಲ್ಲ. ಜೀಪಿನ ಮತ್ತು ಮಾರುತಿ ಜಿಪ್ಸಿಯ ಚಕ್ರಗಳ ಐದು ನಟ್ಟಿನ ಅಳತೆ ಒಂದೇ. ನಟ್ ಕೂತಿತು ಅಂದರೆ ಚಕ್ರ ಸರಿಯಿದೆ ಅಂತ ನಂಬುವವರು ಬಹಳ. ಚಕ್ರ ಹೊರಗೆ ಹೋದಷ್ಟೂ ಅದರ ನಡುವಿನ ಬೇರಿಂಗ್ ಮೇಲೆ ಭಾರ ಜಾಸ್ತಿ ಅಂತ ಅವರಿಗೆ ಹೇಳುವವರು ಯಾರು? ಕೆಲವರು 31 ಇಂಚು, ಅಂದರೆ ಸುಮಾರು 79 ಸೆಂಟಿಮೀಟರ್ ಎತ್ತರದ ಟೈರು ಏರಿಸುತ್ತಾರೆ. ಆಗ ಮೀಟರ್ 50 ತೋರಿಸುವಾಗ ಜೀಪು 54ರ ಹತ್ತಿರ ಇರುತ್ತದೆ. ಬ್ರೇಕು ಮಾತ್ರ ಅದೇ ಹಳೇ ಡ್ರಮ್ಮು. ನನ್ನ ಟೈರು, ಆ ಟೈರು ಎರಡೂ ಒಂದೇ ಅಲ್ಲ. ಆದರೆ ಕಾಯ್ದೆಯ ಕಣ್ಣಿಗೆ ಎರಡೂ ಒಂದೇ.

‘ಹಳೇ ಗಾಡಿ ತಾನೇ, ವಿಂಟೇಜ್ ಮಾಡಿಸಿ’ ಅಂತ ಸಲಹೆ ಕೊಟ್ಟವರಿದ್ದಾರೆ. 2021ರ ನಿಯಮದಲ್ಲಿ 50 ವರ್ಷ ದಾಟಿದ ಗಾಡಿಗೆ ಆ ನೋಂದಣಿ ಇದೆ ನಿಜ. ಆದರೆ ಗಾಡಿ ಮೂಲ ರೂಪದಲ್ಲೇ ಇರಬೇಕು. ಜೊತೆಗೆ ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಬಂಕ್ ಅಂತ ಬಿಟ್ಟರೆ ರಸ್ತೆಗೆ ಇಳಿಸುವ ಹಾಗಿಲ್ಲ. ಗೊಬ್ಬರ ಹೊರುವ ಜೀಪನ್ನು ಗಾಜಿನ ಪೆಟ್ಟಿಗೆಯಲ್ಲಿಡಲು ನಮ್ಮಿಂದ ಆಗುವುದಿಲ್ಲ, ಸ್ವಾಮಿ. ಮೂಲ ರೂಪ ಅಂದಾಗ ಒಂದು ತಮಾಷೆ ನೆನಪಾಯಿತು. ಈ ಹೈ ಬಾನೆಟ್ ಹುಟ್ಟಿದ್ದೇ ಹೊಂದಾಣಿಕೆಯಿಂದ. ವಿಲ್ಲೀಸ್ ಕಂಪನಿಯ ಹೊಸ ಹರಿಕೇನ್ ಎಂಜಿನ್ ಎತ್ತರವಾಯಿತು, ಹಳೇ ಜೀಪಿನಲ್ಲಿ ಹಿಡಿಸಲಿಲ್ಲ. ಬಾನೆಟ್ ಮೇಲೆತ್ತಿ ಕೂರಿಸಿದರು!

ಕಾಯ್ದೆ ದಿಲ್ಲಿಯದ್ದು, ನಾನೇನು ಮಾಡಲಿ ಅನ್ನುತ್ತೀರಿ, ಗೊತ್ತು. ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆ ಸಲ್ಲದು ಅಂತ ಸುಪ್ರೀಂ ಕೋರ್ಟೂ 2019ರ ಜನವರಿಯಲ್ಲಿ ಹೇಳಿದೆ. ಆದರೆ ಅದೇ ವರ್ಷದ ತಿದ್ದುಪಡಿ 52ನೇ ಕಲಮಿಗೆ ಒಂದು ಕಿಂಡಿಯನ್ನೂ ಇಟ್ಟಿದೆ. ಬದಲಾವಣೆಗೆ ಅಳತೆ, ಷರತ್ತು, ಒಪ್ಪಿಗೆಯ ದಾರಿಯನ್ನು ಕೇಂದ್ರ ಸರ್ಕಾರ ಗೊತ್ತುಮಾಡಬಹುದು. ಹಳೇ ಜೀಪುಗಳ ಚಕ್ರ ಮತ್ತು ಮಡ್‌ಗಾರ್ಡಿನ ವಿಷಯದಲ್ಲಿ ಆ ಕಿಂಡಿ ತೆರೆಯಿರಿ ಅಂತ ರಾಜ್ಯದಿಂದ ಒಂದು ಪತ್ರ ಹೋಗಲಿ. ಜರ್ಮನಿಯಲ್ಲಿ ಬೇರೆ ಚಕ್ರ ಹಾಕಿಸಿದವರು ಪರೀಕ್ಷಕರ ಮುಂದೆ ಗಾಡಿ ನಿಲ್ಲಿಸುತ್ತಾರೆ. ಸರಿ ಇದ್ದರೆ ದಾಖಲೆಯಲ್ಲಿ ಬರೆದುಕೊಡುತ್ತಾರೆ, ಇಲ್ಲದಿದ್ದರೆ ಬಿಚ್ಚಿಸುತ್ತಾರೆ. ನಮಗೂ ಅಷ್ಟೇ ಸಾಕು.

ಅಲ್ಲಿಯವರೆಗೆ ನಿಮ್ಮ ಕೈಯಲ್ಲೇ ಇರುವ ಕೆಲಸ ಒಂದಿದೆ. ಯಾವ ಅಳತೆಯ ಟೈರಿಗೆ ಅಡ್ಡಿ ಇಲ್ಲ, ಯಾವುದಕ್ಕೆ ಇದೆ ಅಂತ ಕನ್ನಡದಲ್ಲಿ ಒಂದು ಪುಟದ ಸುತ್ತೋಲೆ ಕೊಡಿ. ಸಾಗರ, ಚಿಕ್ಕಮಗಳೂರು, ಸಕಲೇಶಪುರ, ಮಡಿಕೇರಿಯ ಆರ್‌ಟಿಒ ಕಚೇರಿಗಳ ಗೋಡೆಗೆ ಅಂಟಿಸಿ. ಜೀಪು ಜಾಸ್ತಿ ಇರುವುದು ಅಲ್ಲೇ. ತಿಂಗಳಿಗೊಂದು ದಿನ ದಂಡ ಬೇಡ, ಬರೀ ತಪಾಸಣೆ ಅಂತ ಇಡಿ. ಟೈರು ಎಲ್ಲಾದರೂ ಉಜ್ಜುತ್ತದೆಯಾ, ಅಂಚಿನಿಂದ ಆಚೆ ಬಂದಿದೆಯಾ, ಬೇರಿಂಗ್ ಆಡುತ್ತಿದೆಯಾ, ಮಡ್‌ಗಾರ್ಡ್ ಗಟ್ಟಿ ಇದೆಯಾ, ನೋಡಲಿ. ಕೆಟ್ಟದಾಗಿ ಮಾಡಿಸಿಕೊಂಡವರಿಗೆ ಅಲ್ಲೇ ಬಿಚ್ಚಿ ಅನ್ನಲಿ. ನನ್ನದನ್ನೂ ಬಿಚ್ಚಿ ಅಂದರೆ ಬಿಚ್ಚುತ್ತೇನೆ.

ಆ ದಿನ ಗೊತ್ತಾದರೆ ನಾನು ಹಳೇ ಚಕ್ರವನ್ನು ಅಟ್ಟದಲ್ಲೇ ಬಿಟ್ಟು, ಈಗ ಇರುವ ಹಾಗೇ ಜೀಪು ತರುತ್ತೇನೆ.

ಇತಿ,
ಸಾಗರ ತಾಲ್ಲೂಕಿನ ಒಬ್ಬ ಜೀಪು ಮಾಲೀಕ