ಬಿಂದಿ ಅಂಟಿಸಿದ ದೀಪ

ಮಡಿಕೇರಿ
ಆಟಿ ತಿಂಗಳ ಹತ್ತು

ಚಿರಂಜೀವಿ ಪುಟ್ಟನಿಗೆ ಅತ್ತೆಯ ಆಶೀರ್ವಾದಗಳು.

ನಿನ್ನೆ ನೀನು ಫೋನಿನಲ್ಲಿ ಹೇಳಿದ್ದರಲ್ಲಿ ಅರ್ಧ ಕೇಳಿಸಿತು, ಉಳಿದರ್ಧವನ್ನು ಶೀಟಿನ ಮೇಲೆ ಬೀಳುವ ಮಳೆ ತಿಂದಿತು. ನಾನು ಹೇಳಿದ್ದೂ ನಿನಗೆ ಅಷ್ಟೇ ಮುಟ್ಟಿರಬೇಕು. ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ.

ಈಗ ನಿನ್ನ ಹತ್ತಿರವಿರುವ ನಮ್ಮ ಹಳೆಯ ಕಾರಿನ ಮೀಟರಿನಲ್ಲಿ, ಬಲ್ಬು ಕೆಟ್ಟಿದೆ ಎಂದು ಎಚ್ಚರಿಸುವ ದೀಪ ಆರುತ್ತಿಲ್ಲ, ಇಳಿದು ನೋಡಿದರೆ ಬಲ್ಬುಗಳೆಲ್ಲ ಉರಿಯುತ್ತಿವೆ. ಇದಲ್ಲವೇ ನಿನ್ನ ದೂರು? ಒಬ್ಬ ಮೆಕ್ಯಾನಿಕ್ ಆ ದೀಪವನ್ನೇ ಕಿತ್ತುಬಿಡೋಣ ಎಂದನಂತೆ, ಇನ್ನೊಬ್ಬ ಅದನ್ನು ಹೊತ್ತಿಸುವ ರಿಲೇಯನ್ನು ಬದಲಿಸಬೇಕು ಎಂದನಂತೆ. ಮೊದಲನೆಯವನ ಮಾತು ಬೇಡವೇ ಬೇಡ. ಎರಡನೆಯವನದನ್ನು ಎಲ್ಲ ಮುಗಿದ ಮೇಲೆ ಕೇಳು.

ಮೀಟರಿನ ಗಾಜಿನ ಮೇಲೆ, ಸರಿಯಾಗಿ ಆ ದೀಪದ ಎದುರಿಗೆ, ದುಂಡನೆಯ ಅಂಟಿನ ಕಲೆ ಇದೆ, ನೋಡಿದ್ದೀಯಾ? ಅದು ನನ್ನ ಬಿಂದಿಯದು. ನಿನ್ನ ಮಾವ ತೀರಿಕೊಂಡ ಮೇಲೆ ಕಾರನ್ನು ನಾನೇ ಓಡಿಸತೊಡಗಿದಾಗ ಆ ಕಿತ್ತಳೆ ಬಣ್ಣದ ಕಣ್ಣು ಬ್ರೇಕ್ ಒತ್ತಿದಾಗಲೆಲ್ಲ ನನ್ನನ್ನೇ ನೋಡುತ್ತಿತ್ತು. ಇದರ ಗೋಳು ಯಾರಿಗೆ ಬೇಕು ಎಂದು ಮೇಲೊಂದು ಬಿಂದಿ ಒತ್ತಿದೆ. ಸುಮಾರು ಎರಡು ವರ್ಷ ಹಾಗೆಯೇ ಓಡಾಡಿದೆ. ಒಂದು ಸಂಜೆ ಸಂಪಾಜೆ ಘಾಟಿಯಲ್ಲಿ, ಜೋಡುಪಾಲಕ್ಕಿಂತ ಸ್ವಲ್ಪ ಮೇಲೆ, ಎದುರಿನ ತಿರುವೇ ಕಾಣದಷ್ಟು ಮಂಜು. ನಾನು ಬ್ರೇಕ್ ಒತ್ತಿದ ಕೂಡಲೇ ಹಿಂದಿನ ಜೀಪು ಕಿರುಚಿಕೊಂಡು ಬಂದು ನನ್ನ ಕಾರಿನ ಹಿಂಬದಿಯಿಂದ ಒಂದು ಗೇಣು ದೂರದಲ್ಲಿ ನಿಂತಿತು. ಓಡಿಸುತ್ತಿದ್ದ ಹುಡುಗ ಇಳಿದು ಬಂದು, ಬೈಯಲೂ ಆಗದೆ, "ಅಮ್ಮಾ, ನಿಮ್ಮ ಬ್ರೇಕ್ ಲೈಟ್ ಒಂದೂ ಉರಿಯುವುದಿಲ್ಲ" ಎಂದ.

ಒಂದೂ ಇಲ್ಲ! ಮನೆಗೆ ಬಂದು ಬಿಂದಿ ಕಿತ್ತು ಬ್ರೇಕ್ ಒತ್ತಿ ನೋಡಿದರೆ ಎಚ್ಚರಿಕೆ ದೀಪವೂ ಆರಿತ್ತು. ನನಗೆ ಅದು ಒಗಟಾಯಿತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳಿಗೆ ಅದು ಬಿಡಿಸಿಕೊಳ್ಳಲು ಒಂದು ರಾತ್ರಿ ಹಿಡಿಯಿತು ಎನ್ನಲು ಈಗಲೂ ನಾಚಿಕೆ.

ಇಂಥ ಹಳೆಯ ಕಾರಿನ ರಿಲೇಗೆ ಬಲ್ಬು ಕಾಣುವುದಿಲ್ಲ, ಪುಟ್ಟ. ಅದು ನಾವು ಮೆಣಸು ತೂಗುವ ತಕ್ಕಡಿ ಇದ್ದ ಹಾಗೆ. ಒಳಗೊಂದು ಸಣ್ಣ ಗಾಜಿನ ಕೊಳವೆ, ಅದರಲ್ಲಿ ಮುಟ್ಟಿಯೂ ಮುಟ್ಟದಂತಿರುವ ಎರಡು ಲೋಹದ ನಾಲಗೆಗಳು. ಕೊಳವೆಯ ಸುತ್ತ ಎರಡು ತಂತಿಯ ಸುರುಳಿ: ಒಂದರಲ್ಲಿ ಎಡ ದೀಪದ ಕರೆಂಟು, ಇನ್ನೊಂದರಲ್ಲಿ ಬಲದ್ದು, ಎದುರುಬದುರು ದಿಕ್ಕಿನಲ್ಲಿ. ಎರಡೂ ಸಮವಾಗಿದ್ದರೆ ಒಂದರ ಕಾಂತಬಲವನ್ನು ಇನ್ನೊಂದು ಅಳಿಸುತ್ತದೆ. ಒಂದು ಕಡೆ ಕಡಿಮೆಯಾದರೆ ನಾಲಗೆಗಳು ಅಂಟಿಕೊಂಡು ದೀಪ ಹೊತ್ತುತ್ತದೆ. ಎರಡೂ ಬಲ್ಬು ಸತ್ತರೋ, ತಕ್ಕಡಿ ಮತ್ತೆ ಸಮ, ದೀಪಕ್ಕೆ ಮತ್ತೆ ನಿದ್ದೆ. ಒಂದು ಬಲ್ಬು ಹೋದಾಗ ಅದು ಹೇಳಿತ್ತು, ನಾನು ಬಾಯಿ ಮುಚ್ಚಿಸಿದ್ದೆ.

ಆದ್ದರಿಂದ ನೀನು ಹುಡುಕಬೇಕಾದದ್ದು ಕೆಟ್ಟ ಬಲ್ಬನ್ನಲ್ಲ, ಎಡಬಲಗಳ ತಾರತಮ್ಯವನ್ನು. ಮೊದಲು ದೀಪ ಯಾವಾಗ ಹೊತ್ತುತ್ತದೆ ಎಂದು ನೋಡು. ಲೈಟಿನ ಸ್ವಿಚ್ ತಿರುಗಿಸಿದ ಕೂಡಲೇ ಆದರೆ ಹೆಡ್‌ಲೈಟ್, ಹಿಂದಿನ ಕೆಂಪು ದೀಪಗಳ ಕಡೆ ಹೋಗು. ಬ್ರೇಕ್ ಒತ್ತಿದಾಗ ಆದರೆ ಬ್ರೇಕಿನ ಬಲ್ಬುಗಳು. ಒಬ್ಬನೇ ಇದ್ದರೆ ಕಾರನ್ನು ಹಿಮ್ಮುಖವಾಗಿ ಗೋಡೆಯ ಹತ್ತಿರ ನಿಲ್ಲಿಸು, ಕೆಂಪು ಬೆಳಕು ಎರಡು ಕಡೆಯೂ ಒಂದೇ ಸಮ ಬೀಳುತ್ತದೆಯೇ ಎಂದು ಕನ್ನಡಿಯಲ್ಲೇ ತಿಳಿಯುತ್ತದೆ.

ಆಮೇಲೆ ಬಲ್ಬು ತೆಗೆದು ಬುಡದಲ್ಲಿ ಬರೆದದ್ದನ್ನು ಓದು. 12 ವೋಲ್ಟಿಗೆ 21 ವಾಟಿನ ಬಲ್ಬು 1.75 ಆಂಪಿಯರ್ ಎಳೆಯುತ್ತದೆ, 5 ವಾಟಿನದು ಅರ್ಧ ಆಂಪಿಯರಿಗೂ ಕಡಿಮೆ. ಒಂದು ಕಡೆ 5, ಇನ್ನೊಂದು ಕಡೆ 10 ಹಾಕಿದ್ದರೆ ಎರಡೂ ಚೆನ್ನಾಗಿಯೇ ಉರಿಯುತ್ತವೆ, ತಕ್ಕಡಿ ಮಾತ್ರ ವಾಲುತ್ತದೆ. ವಾಟ್ ಒಂದೇ ಇದ್ದು ಕಂಪನಿ ಬೇರೆಯಾದರೂ ಕೆಲವೊಮ್ಮೆ ಸಾಕು. ಬದಲಿಸುವುದಾದರೆ ಜೋಡಿಯಾಗಿ, ಒಂದೇ ಅಂಗಡಿಯ ಒಂದೇ ಬಗೆಯವನ್ನು ಹಾಕು. ನಿನ್ನ ಅಪ್ಪ ಒಮ್ಮೆ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ, ದೀಪ ಆರಲಿಲ್ಲವೆಂದು ತಲೆ ಕೆರೆದುಕೊಂಡಿದ್ದ. ತಟ್ಟೆ ಅದಲುಬದಲು ಮಾಡಿದರೆ ತೂಕ ಸಮವಾಗುತ್ತದೆಯೇ? ನೀನು ಹಾಕಿಸಬೇಕೆಂದಿರುವ ಎಲ್‌ಇಡಿಯೂ ಬೇಡ. ಅದು ಎಳೆಯುವ ಎರಡು ಮೂರು ವಾಟನ್ನು ಈ ರಿಲೇ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಆದರೆ ನನ್ನ ಅನುಮಾನ ಬಲ್ಬಿನ ಮೇಲಲ್ಲ, ನಮ್ಮ ಮಳೆಯ ಮೇಲೆ. ಈ ಊರಲ್ಲಿ ಪೆಟ್ಟಿಗೆಯೊಳಗಿನ ಚರ್ಮದ ಬೆಲ್ಟಿಗೇ ಬೂಸ್ಟು ಹಿಡಿಯುತ್ತದೆ, ಇನ್ನು ಡಿಕ್ಕಿಯ ಮೂಲೆಯಲ್ಲಿರುವ ಬಲ್ಬು ಹೋಲ್ಡರಿನ ಹಿತ್ತಾಳೆಯ ಪಟ್ಟಿ ಯಾವ ಲೆಕ್ಕ? ಹಿಂದಿನ ದೀಪದ ರಬ್ಬರು ಒಣಗಿ ಬಿರಿದಿದ್ದರೆ ನೀರು ಒಳಗೆ ಇಳಿಯುತ್ತದೆ, ಹೋಲ್ಡರಿನಲ್ಲಿ ಹಸಿರು ಕಿಲುಬು ಕಟ್ಟುತ್ತದೆ, ಕರೆಂಟು ಸೊರಗುತ್ತದೆ. ನಯವಾದ ಮರಳುಕಾಗದದಲ್ಲಿ ಮೆಲ್ಲಗೆ ಉಜ್ಜು. ಕಾರಿನ ಲೋಹದ ಮೈಗೆ ತಿರುಪು ಹಾಕಿ ಬಿಗಿದಿರುವ ಅರ್ತ್ ತಂತಿಯನ್ನು ಮರೆಯಬೇಡ. ಬ್ರೇಕ್ ಒತ್ತಿದಾಗ ಪಕ್ಕದ ಕೆಂಪು ದೀಪ ಮಂಕಾದರೆ, ಇಂಡಿಕೇಟರ್ ಸಣ್ಣಗೆ ಮಿನುಗಿದರೆ, ತಪ್ಪು ಅಲ್ಲೇ ಇದೆ ಎಂದು ತಿಳಿ. ನಮ್ಮ ಕಾರಿನ ಫ್ಯೂಸುಗಳು ಎರಡು ತುದಿ ಚೂಪಾದ ಹಳೆಯ ಬಗೆಯವು, ಎಡಕ್ಕೊಂದು ಬಲಕ್ಕೊಂದು. ಸ್ವಿಚ್ ಆರಿಸಿ, ಅವನ್ನು ಇದ್ದಲ್ಲೇ ಬೆರಳಿನಿಂದ ನಾಲ್ಕು ಸುತ್ತು ತಿರುಗಿಸು. ನನಗೆ ಎಷ್ಟೋ ಸಲ ಅಷ್ಟರಲ್ಲೇ ದೀಪ ಆರಿದ್ದಿದೆ.

ನಿನ್ನ ಹತ್ತಿರ ಮಲ್ಟಿಮೀಟರ್ ಇದೆಯಲ್ಲ, ದೀಪ ಉರಿಯುತ್ತಿರುವಾಗಲೇ ಎರಡೂ ಹೋಲ್ಡರಿನಲ್ಲಿ ವೋಲ್ಟ್ ಅಳೆ. ಅರ್ಧ ವೋಲ್ಟು ವ್ಯತ್ಯಾಸ ಕಂಡರೂ ಕಡಿಮೆ ಇರುವ ಕಡೆಯ ತಂತಿಯನ್ನು ಹಿಡಿದು ಹಿಂದಕ್ಕೆ ಹೋಗು. ಎರಡೂ ಸಮವಾಗಿದ್ದು, ಬಲ್ಬಿನ ಜೋಡಿಯೂ ಸರಿಯಿದ್ದು, ದೀಪ ಆರದಿದ್ದರೆ ಆಗ ರಿಲೇ. ಸ್ಕ್ರೂಡ್ರೈವರಿನ ಹಿಡಿಯಿಂದ ಅದನ್ನು ಮೆಲ್ಲಗೆ ತಟ್ಟಿದಾಗ ದೀಪ ಕಣ್ಣು ಮಿಟುಕಿಸಿದರೆ ಒಳಗೆ ಬೆಸುಗೆ ಬಿಟ್ಟಿದೆ ಎಂದರ್ಥ. ಟಿವಿ ರಿಪೇರಿ ಮಾಡುವವರು ಯಾರಾದರೂ ಕಾಸಿ ಕೊಡುತ್ತಾರೆ, ಹೊಸದು ತರಿಸುವ ಮೊದಲು ಅದನ್ನು ಮಾಡಿಸು.

ವಾರಕ್ಕೊಮ್ಮೆ ಸುಳ್ಯಕ್ಕೆ ಇಳಿಯುವವನು ನೀನು. ಇದು ಸರಿಯಾಗುವವರೆಗೆ ಬಸ್ಸಿನಲ್ಲಿ ಹೋಗು.

ಆಟಿ ಹದಿನೆಂಟಕ್ಕೆ ಬರುತ್ತೀಯಲ್ಲ, ಹಗಲಿರುವಾಗಲೇ ಹೊರಟು ಕಾರನ್ನು ಇಲ್ಲಿಗೇ ತಾ. ಹಿತ್ತಿಲಲ್ಲಿ ಆಟಿ ಸೊಪ್ಪು ಚೆನ್ನಾಗಿ ಬಂದಿದೆ, ಪಾಯಸ ಮಾಡುತ್ತೇನೆ. ಮಾವನ ಬಲ್ಬಿನ ಡಬ್ಬಿ ಅಟ್ಟದ ಮೇಲಿದೆ, ಇಳಿಸಬೇಕು. ನೀನು ಕೂತು ಬ್ರೇಕ್ ಒತ್ತು, ನಾನು ಕೊಡೆ ಹಿಡಿದು ಹಿಂದೆ ನಿಂತು ನೋಡುತ್ತೇನೆ.

ನಿನ್ನ
ಅತ್ತೆ