ರೊಟ್ಟಿ ಅಜ್ಜಿಗೆ ನಮನ

ಕಳೆದ ತಿಂಗಳು ದಾವಣಗೆರೆಯಲ್ಲಿ ಲಿಂಗೈಕ್ಯರಾದ ಹಿರಿಯರೊಬ್ಬರ ಹೆಸರು ನಮ್ಮ ಸಂಘದ ಸದಸ್ಯರ ಪಟ್ಟಿಯಲ್ಲಿ ಸಿಗುವುದಿಲ್ಲ. ಆರು ತಿಂಗಳ ವೀಸಾದ ಮೇಲೆ ಇಲ್ಲಿ ಪರದೇಶದಲ್ಲಿ ನೆಲೆಸಿರುವ ಮಗನ ಮನೆಗೆ ಬಂದು ಹೋಗುತ್ತಿದ್ದವರು ಅವರು. ಆದರೂ ನಮ್ಮಲ್ಲಿ ಬಹಳ ಮಂದಿಗೆ ಅವರು ಗೊತ್ತು. ಮನೆಯವರ ಇಚ್ಛೆಯಂತೆ ಹೆಸರು ಹಾಕುತ್ತಿಲ್ಲ. ‘ರೊಟ್ಟಿ ಅಜ್ಜಿ’ ಎಂದರೆ ಸಾಕು.

ಸುದ್ದಿ ತಿಳಿದ ದಿನ ಎಲ್ಲರ ಬಾಯಲ್ಲೂ ಆದರ್ಶ ಗೃಹಿಣಿ, ಮಮತಾಮಯಿ ಎಂಬ ಮಾತುಗಳು ಬಂದವು. ಸುಳ್ಳೇನಲ್ಲ. ಆದರೆ ಆ ಮಾತುಗಳು ಯಾರಿಗಾದರೂ ಒಪ್ಪುತ್ತವೆ. ಅವರು ಮಾಡಿದ ಕೆಲಸ ಏನೆಂಬುದನ್ನು ಬರೆದಿಡಬೇಕು ಅನ್ನಿಸಿದ್ದರಿಂದ ಈ ಸಲದ ಸಂಪಾದಕೀಯ ಅವರಿಗೇ ಮೀಸಲು.

ಹುಟ್ಟಿದ್ದು ಜಗಳೂರು ಸೀಮೆಯ ಒಂದು ಹಳ್ಳಿಯಲ್ಲಿ. ಮದುವೆಯಾಗಿ ಬಂದದ್ದು ದಾವಣಗೆರೆಗೆ, ಹತ್ತಿ ಗಿರಣಿ ನೌಕರರ ಮನೆಗೆ. ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರಿದ್ದ ಕಾಲ ಅದು. ಆಮೇಲೆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಕೆಲಸ ಹೋದ ಸ್ವಲ್ಪ ದಿನಕ್ಕೇ ಯಜಮಾನರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಮಕ್ಕಳಿನ್ನೂ ಶಾಲೆಯಲ್ಲಿದ್ದರು.

ಅಜ್ಜಿ ರೊಟ್ಟಿ ತಟ್ಟಲು ಕೂತರು. 1965ರಲ್ಲಿ ಜೆ.ಜೆ.ಎಂ. ಮೆಡಿಕಲ್ ಕಾಲೇಜು, 1979ರಲ್ಲಿ ಬಾಪೂಜಿ ಎಂಜಿನಿಯರಿಂಗ್ ಕಾಲೇಜು ಶುರುವಾದ ಊರಿನಲ್ಲಿ ರೂಮು ಮಾಡಿಕೊಂಡಿದ್ದ ಹುಡುಗರಿಗೇನು ಕಡಿಮೆ? ನಸುಕಿಗೇ ಎದ್ದು ಎಸರಿಡುವುದು, ಕುದಿವ ನೀರನ್ನು ಜೋಳದ ಹಿಟ್ಟಿಗೆ ಸುರಿದು ಅಂಗೈ ಬುಡದಿಂದ ನಾದುವುದು. ಜೋಳಕ್ಕೆ ಗೋಧಿಯ ಜಿಗುಟಿಲ್ಲ, ನಾದಿದ್ದು ಸಾಲದಿದ್ದರೆ ತಟ್ಟುವಾಗಲೇ ಅಂಚು ಬಿರಿಯುತ್ತದೆ. ಹಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆ ಸವರಿ, ನೀರು ಆರುತ್ತಿದ್ದಂತೆ ಮಗುಚಬೇಕು. ಅವರ ರೊಟ್ಟಿ ಪೂರಾ ಉಬ್ಬುತ್ತಿತ್ತು. ಜತೆಗೆ ಶೇಂಗಾ ಚಟ್ನಿಪುಡಿ, ಒಂದು ಪಲ್ಯ. ಆ ಹುಡುಗರಲ್ಲಿ ಕೆಲವರು ಇಂದು ನಮ್ಮ ಸಂಘದ ಪದಾಧಿಕಾರಿಗಳು.

ಈಗ ಊರೂರಲ್ಲಿ ಬೋರ್ಡು ಹಾಕಿಕೊಂಡಿರುವ ಬೆಣ್ಣೆ ದೋಸೆಯ ಕಥೆಯೂ ಹೀಗೇ ಅಲ್ಲವೇ? ಬೆಳಗಾವಿ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ಎಂಬ ತಾಯಿ ರಾಗಿ ದೋಸೆ ಮಾರಿದ್ದರಿಂದ ಅದು ಶುರುವಾಯಿತು ಎಂದು ದಾವಣಗೆರೆಯಲ್ಲಿ ಹೇಳುತ್ತಾರೆ. ನಮ್ಮೂರಿನ ಹೆಸರನ್ನು ಹೊರಗೆ ಮುಟ್ಟಿಸಿದ ದುಡಿಮೆಯಲ್ಲಿ ಹೆಣ್ಣುಮಕ್ಕಳ ಪಾಲು ಎಷ್ಟೆಂಬುದನ್ನು ನಾವು ಇನ್ನೂ ಸರಿಯಾಗಿ ಬರೆದಿಲ್ಲ.

ಯಜಮಾನರನ್ನು ಅವರು ನೋಡಿಕೊಂಡ ಬಗೆಯನ್ನು ಅವರ ಮಗ ಹೇಳಿದ್ದು. ಸ್ನಾನ, ಊಟ, ಕೈಕಾಲಿಗೆ ಎಣ್ಣೆ ತಿಕ್ಕುವುದು ಇದ್ದೇ ಇತ್ತು. ಅದರ ಮೇಲೆ, ದಿನಾ ಸಂಜೆ ರೊಟ್ಟಿ ಲೆಕ್ಕದ ಪುಸ್ತಕವನ್ನು ಗಂಡನ ಮುಂದಿಟ್ಟು, “ನನಗೆ ತಿಳಿಯಂಗಿಲ್ಲ, ನೀವೇ ಬರೀರಿ” ಅನ್ನುತ್ತಿದ್ದರಂತೆ. ಅವರು ಎಡಗೈಯಲ್ಲಿ ಬರೆಯಲು ಕಲಿತರು. ಯಾರು ಎಷ್ಟು ಬಾಕಿ ಎಂಬುದು ಅಜ್ಜಿಗೆ ಬಾಯಿಪಾಠವಿತ್ತು. ಆದರೂ ಕೊನೆಯವರೆಗೆ ದುಡ್ಡಿನ ಲೆಕ್ಕ ಯಜಮಾನರದೇ, ಗಿರಾಕಿಗಳು ಬಾಕಿ ಕೇಳುವುದೂ ಅವರನ್ನೇ. ಪತಿಸೇವೆ ಎಂಬ ಮಾತಿಗೆ ಇಷ್ಟು ಸೂಕ್ಷ್ಮವಾದ ಅರ್ಥವಿರಬಹುದೆಂದು ನನಗೆ ಹೊಳೆದದ್ದು ಇದನ್ನು ಕೇಳಿದ ಮೇಲೆ.

ಇಲ್ಲಿಗೆ ಮೊದಲು ಬಂದದ್ದು ಸೊಸೆಯ ಬಾಣಂತನಕ್ಕೆ. ಓಮ, ಅಂಟು, ಕೊಬ್ಬರಿ ಕಟ್ಟಿಕೊಂಡು ಬಂದಿದ್ದರು. ತವರಿನಿಂದ ಯಾರೂ ಬರಲಾಗದ ಬಾಣಂತಿಯರ ಮನೆಗೂ ತಾವಾಗಿ ಹೋದರು. ನನ್ನ ಮಗಳನ್ನು ನೀಡಿದ ಕಾಲುಗಳ ಮೇಲೆ ಮಲಗಿಸಿಕೊಂಡು, ನೀರಿನ ಬಿಸಿಯನ್ನು ಮೊದಲು ತಮ್ಮ ಮೊಣಕೈಗೆ ನೋಡಿಕೊಂಡು, ಎರೆದವರು ಅವರೇ. ಹೆದರಿ ನಿಂತಿದ್ದ ನಮ್ಮಿಬ್ಬರಿಗೂ ಧೈರ್ಯ ಬಂತು. ಇರಿ ಎಂದರೆ, “ದುಗ್ಗಮ್ಮನ ಜಾತ್ರೆ ಬಂತು, ಹೋಗಬೇಕಪ್ಪ” ಎನ್ನುತ್ತಿದ್ದರು. ಎರಡು ವರ್ಷಕ್ಕೊಮ್ಮೆ ನಡೆಯುವ ಆ ಜಾತ್ರೆಯನ್ನು ಅವರು ತಪ್ಪಿಸಿದ್ದೇ ಇಲ್ಲವಂತೆ.

ಅವರ ಮೊಮ್ಮಗಳು ಈಗ ಅಜ್ಜಿಯ ನೆನಪುಗಳನ್ನು ಒಟ್ಟುಮಾಡುತ್ತಿದ್ದಾಳೆ. ದಾವಣಗೆರೆಯಲ್ಲಿ ಓದುವಾಗ ಆ ಮನೆಯ ರೊಟ್ಟಿ ಉಂಡವರು, ಇಲ್ಲಿ ಅವರಿಂದ ಬಾಣಂತನ ಮಾಡಿಸಿಕೊಂಡವರು ದಯವಿಟ್ಟು ನಾಲ್ಕು ಸಾಲು ಬರೆದು ಸಂಘದ ವಿಳಾಸಕ್ಕೆ ಕಳಿಸಿ. ಯಾವ ವರ್ಷ, ಯಾವ ಬೀದಿಯ ರೂಮು, ಆಗ ರೊಟ್ಟಿಗೆ ಎಷ್ಟು ಕೊಡುತ್ತಿದ್ದಿರಿ, ಇದನ್ನೂ ಬರೆಯಿರಿ. ಅವಳು ಅದನ್ನೇ ಮುಖ್ಯವಾಗಿ ಕೇಳಿದ್ದಾಳೆ.